ಮಾವ ಯಂತ್ರ ಆರಿಸಿದ್ದು

ನನ್ನ ಸೋದರಮಾವ ಅತ್ತೆಯನ್ನು ನೋಡಿ ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು. ಅದೇ ಅತ್ತೆಗೆ ಓದಲೊಂದು ಯಂತ್ರ ಆರಿಸಲು ಇಡೀ ತಿಂಗಳೇ ಸಾಲಲಿಲ್ಲ!

ಅತ್ತೆಗೆ ಕಾದಂಬರಿಗಳ ಹುಚ್ಚು. ರೊಟ್ಟಿ ಬಡಿಯುವಾಗ ಮಾತ್ರ ಪುಸ್ತಕ ಕೆಳಗಿಡುವವಳು. ಈಚೆಗೆ ಕಣ್ಣು ಮಂಜಾಗಿ, ಅಕ್ಷರಗಳೆಲ್ಲ ಚೆಲ್ಲಿದ ಸಾಸಿವೆಯಂತೆ ಕಾಣತೊಡಗಿದವು. ದೊಡ್ಡ ಅಕ್ಷರವಿದ್ದರೆ ಮಾತ್ರ ಓದಿ ಎಂದರು ಡಾಕ್ಟರು. ಇವಳ ಕಣ್ಣನ್ನು ಕೇಳಿ ಯಾರಾದರೂ ಪುಸ್ತಕ ಅಚ್ಚು ಹಾಕಿಸುತ್ತಾರೆಯೇ? ಇನ್ನು ಓದು ಮುಗಿಯಿತೆಂದು ಅತ್ತೆ ಸಪ್ಪಗಾದಳು. ಆಗ ರೋಣದಲ್ಲಿ ಮಾಸ್ತರನಾಗಿರುವ ನಾನು ಬಾಯಿ ಹಾಕಿದೆ. ಟ್ಯಾಬ್ಲೆಟ್ ಆಗಲಿ, ಬರೀ ಓದಲೆಂದೇ ಮಾಡಿದ ಇ-ರೀಡರ್ ಆಗಲಿ, ಅಗ್ಗದ್ದೊಂದು ಕೊಂಡರೆ ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ ಎಂದೆ.

ಮಾವ ನರಗುಂದದ ಕಾಳಿನ ವ್ಯಾಪಾರಿ. ಕಡಲೆಯನ್ನು ಕಡಿದು ನೋಡದೆ, ಬಿಸಿಲಿಗೆ ಹಿಡಿಯದೆ ದರ ಹೇಳಿದವನಲ್ಲ. ಗಜೇಂದ್ರಗಡದ ಮೊಬೈಲ್ ಅಂಗಡಿಯಲ್ಲಿ ಟ್ಯಾಬ್ಲೆಟ್ಟನ್ನು ಅಂಗೈಮೇಲಿಟ್ಟು ತೂಗಿದ, ಕಿವಿಯ ಬಳಿ ಅಲ್ಲಾಡಿಸಿದ. ಪುಣ್ಯಕ್ಕೆ ಕಡಿಯಲಿಲ್ಲ! ಅತ್ತೆ ಓದುವುದು ಅಂಗಳದ ಬಿಸಿಲಿನಲ್ಲಲ್ಲವೇ, ಅದನ್ನು ಹಿಡಿದು ನೇರ ರಸ್ತೆಗೇ ನಡೆದ. ಕಳುವಾಯಿತೆಂದು ಅಂಗಡಿಯವನು ಹಿಂದೆ ಓಡಿದ. ಮಾವ ಗಾಜನ್ನು ದಿಟ್ಟಿಸಿ, "ಬಿಸಲಾಗ ನನ್ನ ಮಾರಿ ಬಿಟ್ರ ಬ್ಯಾರೆ ಏನೂ ಕಾಣವಲ್ದು. ಈ ಮಾರಿ ನೋಡಿ ನೋಡಿ ಆಕಿಗೆ ಮೊದಲೇ ಬ್ಯಾಸರಾಗೇತಿ" ಎಂದು ವಾಪಸು ಕೊಟ್ಟ.

ಮುಂದಿನ ವಾರ ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರರ ಇ-ರೀಡರ್ ಕೇಳಿ ಒಯ್ದೆ. ಬಣ್ಣವಿಲ್ಲ, ಹಾಡುವುದಿಲ್ಲ, ಮಾತೂ ಆಡುವುದಿಲ್ಲ ಎಂದು ಮಾವ ತಕರಾರು ತೆಗೆದ. ಅತ್ತೆ ಒಲೆಯ ಮುಂದಿನಿಂದಲೇ, "ನಿಮ್ಮಂಗನ ಐತಲ್ರಿ. ಹೊಂದಕೊಂಡ ಹೋಗತೇನಿ ಬಿಡ್ರಿ" ಎಂದಳು.

ಬಿಸಿಲಿನಲ್ಲೂ ಅದರ ಅಕ್ಷರ ಅಚ್ಚಿನಷ್ಟೇ ಸ್ಪಷ್ಟವಾಗಿತ್ತು. ವ್ಯಾಪಾರ ಕುದುರಿತೆಂದು ಹಿಗ್ಗಿ ನಾನು ಇನ್ನೊಂದು ಗುಣವನ್ನೂ ಹೊಗಳಿದೆ: ಓದುತ್ತ ನಿದ್ದೆ ಹೋದರೂ ಚಿಂತೆಯಿಲ್ಲ, ಎಲ್ಲಿಗೆ ಬಿಟ್ಟದ್ದೆಂದು ಅದೇ ನೆನಪಿಡುತ್ತದೆ. ಮಾವನ ಮುಖ ಇಳಿಯಿತು. ಹಾಗಾದರೆ ಟ್ಯಾಬ್ಲೆಟ್ಟೇ ಇರಲಿ ಎಂದ. ಅದೂ ನೆನಪಿಡುತ್ತದೆ ಎಂದೆ. ಎರಡೂ ಬೇಡ ಎಂದ! ಇಂಥವನಿಗೆ ಏನೆನ್ನಬೇಕು? ಅಲ್ಲಿ ಅತ್ತೆ ಅರ್ಧಕ್ಕೆ ಬಿಟ್ಟ ಕಾದಂಬರಿಯ ನಾಯಕಿ ತಿಂಗಳಿಂದ ಹಸೆಮಣೆಯ ಮೇಲೆ ಕೂತೇ ಇದ್ದಾಳೆ!

ಅಂದು ಮಧ್ಯಾಹ್ನ ಊಟವಾದ ಮೇಲೆ ಕಾರಣ ತಿಳಿಯಿತು. ಅತ್ತೆ ಆ ಹಳೆಯ ಪುಸ್ತಕವನ್ನೇ ಕಣ್ಣು ಕಿರಿದು ಮಾಡಿ ಓದಲು ಹೋಗಿ, ಅರ್ಧ ಪುಟಕ್ಕೆ ಸೋತು ನಿದ್ದೆ ಹೋದಳು. ಮಾವ ಸದ್ದಿಲ್ಲದೆ ಬಂದು ಅವಳ ಚಾಳೀಸು ಕನ್ನಡಕ ತೆಗೆದ, ಧೋತರದ ಚುಂಗಿನಿಂದ ಒರೆಸಿಟ್ಟ, ಪುಟದ ನಡುವೆ ಒಣ ಜೋಳದ ಗರಿಯೊಂದನ್ನಿಟ್ಟು ಪುಸ್ತಕ ಮುಚ್ಚಿದ. ಮದುವೆಯಾದಾಗಿನಿಂದ ದಿನವೂ ಮಧ್ಯಾಹ್ನ ಅಂಗಡಿ ಬಿಟ್ಟು ಮನೆಗೆ ಬರುತ್ತಿದ್ದುದು ಇದಕ್ಕೇ! ನಾವೆಲ್ಲ ಅವನು ನಿದ್ದೆ ಮಾಡಲು ಬರುತ್ತಾನೆಂದು ನಗುತ್ತಿದ್ದೆವು. ನನ್ನನ್ನು ಕಂಡು ಮಾವ ನಾಚಿಕೊಂಡ.

"ಅದ ನೆನಪ ಇಟ್ರ, ನನಗೇನ ಕೆಲಸಾ ಉಳಿತೈತಿ?" ಎಂದ.

ಅತ್ತೆ ಕಣ್ಣು ತೆರೆಯದೆಯೇ ಹೇಳಿದಳು, "ಹಾಳಿ ಅದು ನೆನಪ ಇಡ್ಲಿ. ಚಾಳೀಸ ತಗ್ಯಾಕ ಅದಕ್ಕ ಕೈ ಎಲ್ಲಿ ಅದಾವ್ರಿ?"

ಎಚ್ಚರವಿದ್ದಳು! ಎಷ್ಟು ವರ್ಷದಿಂದಲೋ!

ಮಾವ ಕೊನೆಗೂ ಇ-ರೀಡರ್ ತರಿಸಿದ. ನಾಯಕಿಯ ಮದುವೆಯೂ ಆಯಿತು. ಈಗಲೂ ಮಧ್ಯಾಹ್ನ ಅತ್ತೆ ಕನ್ನಡಕ ಹಾಕಿಕೊಂಡೇ ಕಣ್ಣು ಮುಚ್ಚುತ್ತಾಳೆ. ಮಾವ ಕೈ ತೊಳೆದುಕೊಂಡು ಬರುತ್ತಾನೆ.