ಸುಂಟರಗಾಳಿಗೆ ಮಂಗಳ ಹಾಡಿದ ನಮ್ಮ ಭಾವ

ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ, ಬಿಯರ್ ವಾಸನೆಗೇ ತಲೆಸುತ್ತು ಬರುವ, ವೇದಿಕೆ ಹತ್ತುವ ಮುಂಚೆ ರಾಹುಕಾಲ ನೋಡುವ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಹಾಡುಗಾರನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಮನೆಯಲ್ಲಿ ಮೂರು ವರ್ಷ ಅನ್ನ ಉಂಡಿದ್ದೇನೆ! ಅವರು ನನ್ನ ಅಕ್ಕನ ಗಂಡ, ಅಪ್ಪಟ ಮೈಸೂರಿನವರು. ಅವರ ಹೆಸರು ಹಿಡಿದು ಬರೆಯುವ ಧೈರ್ಯ ನನಗೆ ಇಂದಿಗೂ ಇಲ್ಲ. ಭಾವ ಎಂದೇ ಕರೆಯುತ್ತೇನೆ. ಅವರ ಹಾಡು ಕೇಳಿ ‘ಸತ್ತೇ ಹೋದೆ’ ಎಂದವರು ಬಹಳ ಮಂದಿ. ನಾನೊಬ್ಬ ನಿಜವಾಗಿಯೂ ಸಾಯುವುದರಲ್ಲಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಭಾವ ಅರವತ್ತರ ದಶಕದ ಕೊನೆಯಲ್ಲಿ ಡೆಟ್ರಾಯಿಟ್‌ನ ಒಂದು ಕಾರು ಕಾರ್ಖಾನೆಗೆ ಎಂಜಿನಿಯರ್ ಆಗಿ ಬಂದರು. ಮನೆ ಪಕ್ಕದ ಊರು ಲಿವೋನಿಯಾದಲ್ಲಿ. ಕಾರ್ಖಾನೆಯಲ್ಲಿ ದಕ್ಷಿಣದ ಕೆಂಟಕಿ, ಟೆನೆಸಿ ರಾಜ್ಯಗಳ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಜನವೇ ಜಾಸ್ತಿ. ಅವರಲ್ಲೊಬ್ಬ, ಲೇತ್ ಮೆಷಿನ್ ನಡೆಸುವ ಆರೂವರೆ ಅಡಿಯ ಆಸಾಮಿ, ಊಟದ ಬಿಡುವಿನಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ. ಅಮ್ಮ ತೀರಿಕೊಂಡಳು, ರೈಲು ಹೊರಟುಹೋಯಿತು, ಕೈಹಿಡಿದವಳು ಬಿಟ್ಟುಹೋದಳು, ದೇವರೇ ಇನ್ನು ನೀನೇ ಗತಿ! ಭಾವ ಉಪ್ಪಿಟ್ಟಿನ ಡಬ್ಬಿ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡರಂತೆ. ಸಂಜೆ ಮನೆಗೆ ಬಂದವರೇ ಅಕ್ಕನಿಗೆ ಹೇಳಿದ್ದು ಇಷ್ಟು:

“ಲೇ, ಇವರೂ ದೇವರನಾಮ ಹಾಡ್ತಾರೆ ಕಣೇ! ರೈಲೊಂದು ಎಕ್ಸ್‌ಟ್ರಾ, ಅಷ್ಟೇ.”

ಆ ಶನಿವಾರ ಹಾಲು ತರಲು ಹೋದವರು ಗಿಟಾರ್ ತಂದರು.

“ಹಾಲೆಲ್ರೀ?” ಎಂದಳು ಅಕ್ಕ.

“ಹಾಲು ನಾಳೆ ಸಿಗತ್ತೆ ಬಿಡೇ.”

“ಬುದ್ಧಿ ಯಾವತ್ತು ಸಿಗತ್ತೆ?”

ನಾನು ಎಂ.ಎಸ್. ಓದಲು ಬಂದು ಅವರ ಸೋಫಾದ ಮೇಲೆ ಬೀಡುಬಿಟ್ಟಾಗ ಭಾವ ಆಗಲೇ ವಾರಾಂತ್ಯದ ಹಾಡುಗಾರರಾಗಿದ್ದರು. ಅಗಲ ಅಂಚಿನ ಟೋಪಿ, ಮೊನಚು ಬೂಟು, ಹಣೆಯಲ್ಲಿ ಅಳಿಸಿಯೂ ಅಳಿಸದ ಕುಂಕುಮ. ಆ ಲೇತ್ ಆಸಾಮಿಯೇ ಗಿಟಾರ್ ಪಕ್ಕವಾದ್ಯ. ಡ್ರೈವ್ ಮಾಡುವುದು, ಮೊದಲ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವುದು ನನ್ನ ಪಾಲಿನ ಕೆಲಸ. ನಾನು ತಾಳ ಹಾಕದಿದ್ದರೆ ಭಾವನಿಗೆ ಬಾಯೇ ಬರುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತ ಗಂಟಲು ಅದು. ಕಂಟ್ರಿ ಹಾಡು ಮೂರು ನಿಮಿಷಕ್ಕೆ ಮುಗಿಯಬೇಕೆಂದು ಅದಕ್ಕೆ ಯಾರು ಹೇಳುವುದು? ನಲ್ಲೆ ಟೆನೆಸಿಗೆ ಹೋದಳು ಎಂಬ ಒಂದೇ ಸಾಲನ್ನು ಅವರು ಹಿಂಜಿ, ಎಳೆದು, ಮೇಲಿಂದ ಕೆಳಕ್ಕೆ ಉರುಳಿಸಿ ಹಾಡಿ ಮುಗಿಸುವಷ್ಟರಲ್ಲಿ ಆ ನಲ್ಲೆ ಟೆನೆಸಿಗೆ ಹೋಗಿ, ತಂಗಿಯ ಮದುವೆ ಮಾಡಿ, ವಾಪಸು ಬಂದುಬಿಡಬಹುದಿತ್ತು! ಲೇತ್ ಆಸಾಮಿ ಗಿಟಾರ್ ಕೆಳಗಿಟ್ಟು ನನ್ನ ಬಳಿ ಬಂದು ಪಿಸುಗುಟ್ಟುತ್ತಿದ್ದ.

“ಮುಗೀತಾ?”

“ಇಲ್ಲ, ಈಗ ಸ್ವರ ಶುರು.”

“ಹಾಗಾದ್ರೆ ಇನ್ನೊಂದು ಬಿಯರ್ ಕುಡೀಬಹುದು.”

ಭಾವನ ಹಾಡುಗಳಲ್ಲಿ ವಿಸ್ಕಿ ಹೊಳೆಯಾಗಿ ಹರಿಯುತ್ತಿತ್ತು. ಅವರ ಥರ್ಮಾಸ್‌ನಲ್ಲಿ ಇರುತ್ತಿದ್ದದ್ದು ಮಾತ್ರ ಶುಂಠಿ, ಇಂಗು ಹಾಕಿದ ಮಜ್ಜಿಗೆ. ಶಿಕಾಗೋದ ಅಪ್‌ಟೌನ್ ಬಡಾವಣೆಯಲ್ಲಿ ಗುಡ್ಡಗಾಡಿನಿಂದ ವಲಸೆ ಬಂದ ಬಡಜನ ತುಂಬಿಕೊಂಡಿದ್ದ ಒಂದು ಬಾರ್ ಇತ್ತು. ತಿಂಗಳಿಗೊಮ್ಮೆ ಐದು ಗಂಟೆ ಡ್ರೈವ್ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಒಂದು ಸಲ ಭಾವನ ಕುಡುಕನ ಹಾಡು ಕೇಳಿ ಮುದುಕನೊಬ್ಬ ಅವರ ಕೈ ಹಿಡಿದು ಅತ್ತೇಬಿಟ್ಟ. “ಮಗನೇ, ಇಷ್ಟು ಸಂಕಟ ಇಟ್ಕೊಂಡು ಯಾಕೆ ಕುಡೀತೀಯ? ಬಿಟ್ಟುಬಿಡು. ನಾನು ಬಿಟ್ಟು ಆರು ವರ್ಷ ಆಯ್ತು.” ಭಾವ ಕರಗಿಹೋಗಿ, “ನಾನು ಕುಡಿಯೋದು ಇದು, ನೀವೇ ನೋಡಿ” ಎಂದು ಥರ್ಮಾಸ್ ಕೊಟ್ಟರು. ಮುದುಕ ಒಂದು ಗುಟುಕು ಕುಡಿದ. ಇಂಗು ಮೂಗಿಗೆ ಹತ್ತಿತು. ಕಣ್ಣು ಕೆಂಪಗಾಯಿತು. ಸುಧಾರಿಸಿಕೊಂಡು ಹೇಳಿದ: “ನೀನು ಯಾಕೆ ಅಷ್ಟೊಂದು ದುಃಖದಲ್ಲಿ ಹಾಡ್ತೀಯ ಅಂತ ಈಗ ಗೊತ್ತಾಯ್ತು!”

ಇದೆಲ್ಲ ಇರಲಿ, ಮುಖ್ಯ ವಿಷಯ ಮಂಗಳದ್ದು. ನಮ್ಮಲ್ಲಿ ಕಚೇರಿ ಮುಗಿಸುವಾಗ ಮಂಗಳ ಹಾಡಲೇಬೇಕಷ್ಟೆ? ಮಂಗಳ ಹಾಡದೆ ಎದ್ದರೆ ಹಾಡಿದವರಿಗೂ ಕೇಳಿದವರಿಗೂ ಕ್ಷೇಮವಲ್ಲ ಎಂದು ಭಾವನ ಗುರುಗಳು ಹೇಳಿದ್ದರಂತೆ. ಆದ್ದರಿಂದ ಬಾರ್ ಆದರೇನು, ಬೋಲಿಂಗ್ ಹಾಲ್ ಆದರೇನು, ಭಾವ ಕೊನೆಗೆ ಕಣ್ಣು ಮುಚ್ಚಿ, ತಾವೇ ಕಟ್ಟಿದ ಮಂಗಳವನ್ನು ಮಧ್ಯಮಾವತಿ ರಾಗದಲ್ಲಿ, ಶುದ್ಧ ಕನ್ನಡದಲ್ಲಿ ಹಾಡುತ್ತಿದ್ದರು. ‘ಕೂತವರಿಗೆ ಮಂಗಳ, ನಿಂತವರಿಗೆ ಮಂಗಳ, ನಡುವೆ ಎದ್ದು ಹೋದವರಿಗೂ ಮಂಗಳ.’ ಒಂದಕ್ಷರ ಅರ್ಥವಾಗದಿದ್ದರೂ ಆ ಕಾರ್ಖಾನೆಯ ಜನ ಕುರ್ಚಿಯಿಂದ ಎದ್ದು, ಟೋಪಿ ತೆಗೆದು ಎದೆಗೆ ಹಿಡಿದು ನಿಲ್ಲುತ್ತಿದ್ದರು! ನನಗೆ ನಗು, ಸಂಕೋಚ ಎರಡೂ ಒಟ್ಟಿಗೆ ಬರುತ್ತಿದ್ದವು.

ಭಾವನಿಗೆ ಇದ್ದ ಆಸೆ ಒಂದೇ. ಒಂದು ಗ್ರಾಮಫೋನ್ ತಟ್ಟೆ. “ಒಂದೇ ಒಂದು ರೆಕಾರ್ಡ್ ಆಗ್ಬೇಕು ಕಣೋ,” ಎಂದು ಸ್ಟಿಯರಿಂಗ್ ಹಿಡಿದ ನನಗೆ ದಾರಿಯುದ್ದಕ್ಕೂ ಹೇಳುತ್ತಿದ್ದರು. “ಮಿಕ್ಕ ಹಾಡೆಲ್ಲ ಗಾಳಿಗೆ ಹೋಗತ್ತೆ.” ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅದೂ ಕೈಗೆಟುಕುವಂತೆ ಕಂಡಿತು. ಶಿಕಾಗೋದಲ್ಲಿ ರೆಕಾರ್ಡ್ ಮಾಡಿಸುವವನೊಬ್ಬ ಭಾವನ ಸುದ್ದಿ ಕೇಳಿ, ಲಿವೋನಿಯಾದಿಂದ ಒಂದು ಗಂಟೆ ದೂರದ ಕೌಂಟಿ ಮೇಳದಲ್ಲಿ, ಅಂದರೆ ಜಿಲ್ಲಾ ಜಾತ್ರೆಯಲ್ಲಿ, ಭಾವ ಹಾಡುವಾಗ ತಾನೇ ಬಂದು ಕೇಳುತ್ತೇನೆ, ಹಿಡಿಸಿದರೆ ರೆಕಾರ್ಡ್ ಖಂಡಿತ ಎಂದು ಹೇಳಿಕಳಿಸಿದ. ಅಕ್ಕ ಎರಡು ದಿನ ಭಾವನಿಗೆ ಮೊಸರು ನಿಲ್ಲಿಸಿ ಮೆಣಸಿನ ಸಾರು ಕುಡಿಸಿದಳು.

ಮೇಳದವರು ಭಾವ ಕುದುರೆ ಏರಿ ಬರಲಿ ಎಂದರು. “ತುಂಬಾ ಸಾಧು ಕುದುರೆ ಸಾರ್.” “ಹಾಗಾದ್ರೆ ಅದೇ ಹಾಡಲಿ ಬಿಡಿ!” ಎಂದು ಭಾವ ನಡೆದೇ ಬಂದರು. ಹಲಗೆಯ ವೇದಿಕೆ, ಮೇಲೆ ತಗಡಿನ ಸೂರು, ಮಧ್ಯಾಹ್ನ ಮೂರು ಗಂಟೆ. ರೆಕಾರ್ಡಿನವನು ಎರಡನೇ ಸಾಲಿನಲ್ಲಿ ಮುಸುಕಿನ ಜೋಳ ಕಚ್ಚುತ್ತ ಕೂತಿದ್ದ. ಮೂರನೇ ಹಾಡಿಗೆ ಅವನು ಜೋಳ ಕಚ್ಚುವುದನ್ನು ಮರೆತ. ಗೆದ್ದೆವು ಎಂದುಕೊಂಡೆ.

ಅಷ್ಟರಲ್ಲಿ ಬೀಸುತ್ತಿದ್ದ ಗಾಳಿ ಗಕ್ಕನೆ ನಿಂತಿತು. ಆಕಾಶ ಹೆಸರುಕಾಳು ನೆನೆಸಿದ ನೀರಿನ ಬಣ್ಣಕ್ಕೆ ತಿರುಗಿತು. ಸೈರನ್ ಕೂಗಿತು. ಆ ಕೂಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತಿಂಗಳಿಗೊಮ್ಮೆ ಸೈರನ್ ಪರೀಕ್ಷೆ ಮಾಡುವಾಗ ಆಫೀಸಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದರೆ ನಾನು ಮೇಜಿನ ಕೆಳಗಿರುತ್ತೇನೆ! ಅವತ್ತು ಜನ ಎದ್ದುಬಿದ್ದು ಇಟ್ಟಿಗೆ ಕಟ್ಟಡದ ಶೌಚಾಲಯಗಳ ಕಡೆಗೆ ಓಡಿದರು. ಎಲ್ಲರಿಗಿಂತ ಮುಂದೆ ರೆಕಾರ್ಡಿನವನು, ಕೈಯಲ್ಲಿ ಜೋಳದ ಸಮೇತ. ಲೇತ್ ಆಸಾಮಿ ಗಿಟಾರ್ ಬಿಟ್ಟು ಹಾರಿದ. ಭಾವ ಮಾತ್ರ ಮೈಕಿನ ಮುಂದೆ ಕಂಬದಂತೆ ನಿಂತಿದ್ದಾರೆ! ನಾನು ವೇದಿಕೆ ಹತ್ತಿದೆ.

“ಭಾವ, ಸುಂಟರಗಾಳಿ! ಇಳೀರಿ ಬೇಗ!”

“ಮಂಗಳ ಆಗಿಲ್ವಲ್ಲೋ.”

ಬುದ್ಧಿ ಇದ್ದವನು ಅವರ ಕಾಲರ್ ಹಿಡಿದು ಎಳೆಯುತ್ತಿದ್ದ. ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆಯಲಿದ್ದ ನಾನು ಏನೆಂದೆ ಗೊತ್ತೇ?

“ಎರಡು ಸಾಲು ಹಾಡಿ ಮುಗಿಸಿಬಿಡಿ!”

“ಚರಣ ಬಿಟ್ಟರೆ ಅದೆಂಥ ಮಂಗಳ?”

“ಹಾಗಾದ್ರೆ ಎರಡನೇ ಕಾಲದಲ್ಲಿ ಹಾಡಿ!”

“ಸರಿ, ತಾಳ ಹಿಡಿ.”

ಹಿಡಿದೆ! ಆದಿತಾಳ, ದುಪ್ಪಟ್ಟು ವೇಗ. ಜೋಳದ ಹೊಲದ ಆಚೆ ಒನಕೆಯಷ್ಟು ಸಣ್ಣಗೆ ಕಂಡ ಗಾಳಿಯ ಸುಳಿ ನೋಡುತ್ತಿದ್ದಂತೆ ಕಣಜದಷ್ಟು ದಪ್ಪವಾಯಿತು. ಅದರ ಸದ್ದು ಥೇಟ್ ರೈಲಿನದು; ಎಲ್ಲ ಕಂಟ್ರಿ ಹಾಡುಗಳಲ್ಲೂ ಹೊರಟುಹೋಗುವ ಆ ರೈಲು ಅವತ್ತು ನಮ್ಮ ಕಡೆಗೇ ಬರುತ್ತಿತ್ತು. ಭಾವ ‘ಎದ್ದು ಹೋದವರಿಗೂ ಮಂಗಳ’ ಎಂದು ಷಡ್ಜಕ್ಕೆ ಬಂದು ನಿಂತರು. ನಾವು ಹಾರಿದೆವು. ಮೇಲಿನ ತಗಡೊಂದು ಕಿತ್ತು ಬಂದು, ನನ್ನ ಕಿವಿಯ ಮೇಲ್ಭಾಗವನ್ನು ಸವರಿಕೊಂಡು, ಅರೆಕ್ಷಣದ ಹಿಂದೆ ನಾನು ನಿಂತು ತಾಳ ಹಾಕುತ್ತಿದ್ದ ಹಲಗೆಗೆ ಕೊಡಲಿಯಂತೆ ನಾಟಿತು. ಭಾವ ನನ್ನನ್ನು ದರದರ ಎಳೆದುಕೊಂಡು ಮೊದಲು ಸಿಕ್ಕ ಬಾಗಿಲಿನೊಳಗೆ ನುಗ್ಗಿದರು. ಒಳಗೆ ನಲವತ್ತು ಹೆಂಗಸರು. ಲೋಕವೇ ಹಾರಿಹೋಗುತ್ತಿರುವಾಗ ಅಜ್ಜಿಯೊಬ್ಬಳು ಭಾವನನ್ನು ಮೇಲಿಂದ ಕೆಳಕ್ಕೆ ನೋಡಿ ಹೇಳಿದಳು: “ಗಂಡಸರದ್ದು ಪಕ್ಕದಲ್ಲಿ.”

ವೇದಿಕೆ ಪುಡಿಪುಡಿಯಾಯಿತು. ಯಾರೂ ಸಾಯಲಿಲ್ಲ. ನನ್ನ ಕಿವಿಗೆ ನಾಲ್ಕು ಹೊಲಿಗೆ ಬಿದ್ದವು. ಅಕ್ಕನಿಗೆ ಗಾಳಿಗೆ ಹೆದರಿ ಓಡುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದು ಹೇಳಿದೆ.

ನಾಲ್ಕನೇ ದಿನ ಫೋನ್ ಬಂತು. ರೆಕಾರ್ಡಿನವನ ಗಂಟಲು ಕೋಣೆಗೆಲ್ಲ ಕೇಳುತ್ತಿತ್ತು. “ಸುಂಟರಗಾಳಿಗೆ ಎದುರು ನಿಂತು ಹಾಡೋ ಮನುಷ್ಯನ್ನ ನಾನು ಜನ್ಮದಲ್ಲೇ ನೋಡಿಲ್ಲ. ಸೋಮವಾರ ಶಿಕಾಗೋಗೆ ಬಾ, ರೆಕಾರ್ಡ್ ಮಾಡೋಣ!” ಕೊನೆಯ ಮಾತಷ್ಟೇ ಕಿವಿಗೆ ಬಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು “ಹೂಂ ಅನ್ನಿ, ಹೂಂ ಅನ್ನಿ” ಎಂದು ಸನ್ನೆ ಮಾಡಿದಳು. ಭಾವ ನನ್ನ ಕಿವಿಯ ಕಡೆಗೆ ನೋಡಿದರು. ಆಮೇಲೆ ಫೋನಿಗೆ, ನಾನು ಕೇಳಿದ ಅತ್ಯಂತ ಸ್ವಚ್ಛವಾದ ದನಿಯಲ್ಲಿ, “ಕ್ಷಮಿಸಿ, ನನ್ನ ಗಂಟಲು ಹೋಗಿಬಿಟ್ಟಿದೆ” ಎಂದು ಇಟ್ಟುಬಿಟ್ಟರು.

ಅಕ್ಕ ಮುನಿಸಿಕೊಂಡು ಒಳಗೆ ಹೋದಳು. “ಯಾಕೆ ಭಾವ?” ಎಂದೆ. ನನಗೆ ಅಳು ಬಂದಿತ್ತು.

“ಸಾಕು ನಿಲ್ಲಿಸು ಅಂತ ನನಗೆ ನಾನು ಹೇಳ್ಕೊಳಲ್ಲ. ನಿಲ್ಲಿಸಿ ಅಂತ ನೀನೂ ಹೇಳಲ್ಲ, ತಾಳ ಹಾಕ್ತಾ ನಿಂತ್ಕೋತೀಯ,” ಎಂದರು. “ಹೀಗೇ ಆದ್ರೆ ನಿಮ್ಮಕ್ಕನಿಗೆ ಯಾರೂ ಉಳಿಯಲ್ಲ ಕಣೋ.”

ಆಮೇಲೆ ಅವರು ಯಾವ ವೇದಿಕೆಯನ್ನೂ ಹತ್ತಲಿಲ್ಲ. ಅವತ್ತು ಇಷ್ಟು ಹೇಳಿ, ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಕಿವಿಯ ಮೇಲಿನ ಹತ್ತಿಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಎತ್ತಿ ನೋಡಿದರು.

“ಇನ್ನೂ ನೋಯತ್ತೇನೋ?”

ನೋಯುತ್ತಿತ್ತು. ಇಲ್ಲ ಎಂದೆ.