ಐದು ಗಂಟೆಯೊಳಗೊಂದು ಹೊಗೆಬಾಲ

ಮೇಡಂ ತಮ್ಮ ಫೋನನ್ನು ಮೇಜಿನ ಮೇಲಿಂದ ಮೀಟರಣ್ಣನ ಕಡೆಗೆ ತಳ್ಳಿದಾಗ ಗೋಡೆ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಅವನ ಅಂದಿನ ಗ್ರಹಚಾರ ಶುರುವಾದದ್ದೂ ಸರಿಯಾಗಿ ಹತ್ತೂಕಾಲಿಗೇ.

“ಇವತ್ತು ಹೊಗೆಬಾಲ ಸಿಗಲೇಬೇಕು ಕಣಪ್ಪಾ. ನಾಳೆಯಿಂದ ಅದು ಆಟದಲ್ಲೇ ಇರಲ್ವಂತೆ.”

“ತರ್ತೀನಿ ಮೇಡಂ.”

“ಗುಂಡು ಮೂರೇ ಇದೆ, ಹುಷಾರು. ಐದು ಗಂಟೆಯೊಳಗೆ ಬಂದ್ಬಿಡು. ಬಿಲ್ ಕೌಂಟರಿಗೆ ಯಾರನ್ನ ಹಾಕ್ಬೇಕು ಅಂತ ಐದಕ್ಕೆ ಹೆಸರು ಬರೆದು ಮೇಲಿನ ಆಫೀಸಿಗೆ ಕಳಿಸ್ಬೇಕು ನಾನು.”

ಅಷ್ಟೇ ಹೇಳಿ ಮೇಡಂ ನಕ್ಕರು. ಅವರು ಹೇಳಿದ್ದು ಎರಡು ಬೇರೆ ಬೇರೆ ವಿಷಯ. ಮೀಟರಣ್ಣ ಎರಡನ್ನೂ ಸೇರಿಸಿ ಗಂಟು ಹಾಕಿಕೊಂಡ. ಹೊಗೆಬಾಲ ಸಿಕ್ಕರೆ ಕುರ್ಚಿ, ಸಿಗದಿದ್ದರೆ ಇಲ್ಲ!

ಕುರ್ಚಿ ಎಂದರೆ ಅವನಿಗೆ ಎಷ್ಟು ಆಸೆ ಎಂದು ಹೇಳಲೇಬೇಕು. ನೀರು ಸರಬರಾಜು ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಅವನು ದಿನಗೂಲಿ ಮೇಲೆ ಮನೆ ಮನೆ ತಿರುಗಿ ಮೀಟರು ಓದುತ್ತಿದ್ದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು; ಉಳಿದವರಿಗೆಲ್ಲ ಅವನು ಮೀಟರಣ್ಣ. ಎರಡೂ ಹಿಮ್ಮಡಿ ಸವೆದು, ಬೆಳಗ್ಗೆ ಹಾಸಿಗೆಯಿಂದ ಇಳಿದರೆ ಮುಳ್ಳಿನ ಮೇಲೆ ಕಾಲಿಟ್ಟಂತಾಗುತ್ತಿತ್ತು. ಬಿಲ್ ಕೌಂಟರಿನ ಮುದುಕರು ನಿವೃತ್ತರಾಗಿ ಅಲ್ಲೊಂದು ಕಾಯಂ ಕೆಲಸ ಖಾಲಿ ಬಿದ್ದ ಕೂಡಲೇ ಅವನ ಹೆಂಡತಿ ಅವನಿಗೆ ಎರಡು ಹೊಸ ಅಂಗಿ ಹೊಲಿಸಿಟ್ಟಿದ್ದಳು. ಕುರ್ಚಿ ಒಂದು, ಕಾಯುತ್ತಿದ್ದವರು ಇಬ್ಬರು. ಇನ್ನೊಬ್ಬ ನಿಧಾನಪ್ಪ. ಅವನೂ ಮೀಟರು ಓದುವವನೇ, ಆದರೆ ಓದುವುದಕ್ಕಿಂತ ಅಂದಾಜು ಮಾಡುವುದೇ ಹೆಚ್ಚು.

ಈ ಹೊಗೆಬಾಲದ ಕತೆ ಹೀಗೆ. ಮೂರು ತಿಂಗಳ ಹಿಂದೆ ಮೇಡಂ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತಿದ್ದಾಗ ಫೋನಿನ ಆಟವೊಂದು ಅವರಿಗೆ ಅಂಟಿಕೊಂಡಿತ್ತು. ಆ ಆಟದ ರಾಕ್ಷಸರು ಕೂತವರ ಹತ್ತಿರ ಬರುವುದಿಲ್ಲ. ಫೋನು ಹಿಡಿದು ಬೀದಿ ಸುತ್ತುವವರಿಗೆ ಮಾತ್ರ ಕಾಣಿಸಿಕೊಳ್ಳುತ್ತಾರೆ. ಅವರಲ್ಲೆಲ್ಲ ಅಪರೂಪದ್ದು ಹೊಗೆಬಾಲ. ಆದರೆ ಒಂದು ಉಪಾಯವಿತ್ತು. ಕಂಡ ರಾಕ್ಷಸನಿಗೆ ಅಲ್ಲೇ ಒಂದು ಬಣ್ಣದ ಗುಂಡು ಹೊಡೆದರೆ ಅವನ ಮೈಮೇಲೆ ಗುರುತು ಬೀಳುತ್ತದೆ. ಆಮೇಲೆ ಬಿಡುವಾದಾಗ, ಇದ್ದಲ್ಲೇ ಕೂತು, ಅವನನ್ನು ಕರೆದು ಬಡಿಯಬಹುದು. ಅಂದರೆ ಅಲೆಯುವವರು ಒಬ್ಬರು, ಬಡಿಯುವವರು ಇನ್ನೊಬ್ಬರು. ಇಡೀ ಕಚೇರಿಯೇ ಹೀಗೆ ನಡೆಯುತ್ತಿದ್ದುದರಿಂದ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ.

ಮೀಟರಣ್ಣ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೀಟರಿನ ಪುಸ್ತಕ ಹಿಡಿದು ಹೊರಟ. ಮೊದಲನೇ ಗುಂಡು ಹನ್ನೊಂದಕ್ಕೇ ಹಾಳಾಯಿತು. ಬೇಕರಿ ಹಿಂದಿನ ಮೀಟರಿನ ಮುಚ್ಚಳ ಎತ್ತಲು ಬಗ್ಗಿದಾಗ ಒದ್ದೆ ಹೆಬ್ಬೆರಳು ಪರದೆಗೆ ತಗುಲಿ, ಫಟ್ ಎಂದು ಗುಂಡು ಹಾರಿತು. ಗುರುತು ಬಿದ್ದದ್ದು ಒಂದು ಮಡ್ಡಿಕಪ್ಪೆಗೆ. ಅಂಥ ಕಪ್ಪೆಗಳು ಆ ಆಟದಲ್ಲಿ ಹೆಜ್ಜೆಗೊಂದು ಸಿಗುತ್ತವೆ.

“ಅಯ್ಯೋ ನಿನ್ನ ಮನೆ ಹಾಳಾಗ!” ಎಂದು ಅವನು ಬೈದದ್ದು ಕಪ್ಪೆಗೆ. ಕಿಟಕಿಯಿಂದ ನೋಡುತ್ತಿದ್ದ ಬೇಕರಿಯವನು ಮುಖ ಗಂಟಿಕ್ಕಿಕೊಂಡ.

ಹನ್ನೆರಡಾಯಿತು, ಒಂದಾಯಿತು. ಹಾವು ಬಂತು, ಹಲ್ಲಿ ಬಂತು, ಹೊಗೆಬಾಲ ಮಾತ್ರ ಬರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ನಿಧಾನಪ್ಪ ಕಾಲು ಚಾಚಿ ಕೂತಿದ್ದ. ಎದುರಿಗೆ ಮೀಟರಿನ ಪುಸ್ತಕ ತೆರೆದಿತ್ತು. ಅಲ್ಲಿಂದಲೇ ಇಡೀ ಬೀದಿಯ ಲೆಕ್ಕ ತುಂಬಿಸುತ್ತಿದ್ದ.

“ಕೂತ್ಕೊಳ್ಳೋ ಮಾರಾಯಾ. ಮುಖ ನೋಡು, ಸುಟ್ಟ ಬದನೆಕಾಯಿ ಆಗಿದೆ.”

“ಕೂರಕ್ಕೆ ಟೈಮಿಲ್ಲ. ಮೇಡಂ ಕೆಲಸ.”

“ಆ ರಾಕ್ಷಸರದ್ದಾ? ನಂಗೂ ಒಂದು ವಾರ ಕೊಟ್ಟಿದ್ರಪ್ಪ ಆ ಫೋನು. ನಾಲ್ಕು ಕಪ್ಪೆ ತಗೊಂಡು ಹೋಗಿ ಕೊಟ್ಟೆ. ಆಮೇಲೆ ಕೊಡೋದೇ ಬಿಟ್ರು.” ನಿಧಾನಪ್ಪ ಉದ್ದಕ್ಕೆ ಆಕಳಿಸಿದ. “ಕುರ್ಚಿ ನಿಂಗೇ ಬಿಡು. ನಾನೇನು ಕನಸು ಕಾಣ್ತಿಲ್ಲ.”

ಮೀಟರಣ್ಣನಿಗೆ ಪಾಪ ಅನ್ನಿಸಿತು. ಕುರ್ಚಿ ಸಿಕ್ಕ ಮೇಲೆ ಇವನಿಗೊಂದು ಚಹಾ ಕೊಡಿಸಬೇಕು ಎಂದುಕೊಂಡು ಕುಂಟುತ್ತ ಮುಂದೆ ನಡೆದ.

ಎರಡೂವರೆಗೆ ಫೋನು ಗುರ್ರ್ ಎಂದು ನಡುಗಿತು. ನಕ್ಷೆಯ ಮೇಲೆ ಕಪ್ಪು ಹೊಗೆ ಸುತ್ತುತ್ತಿತ್ತು. ಹೊಗೆಬಾಲ! ಅದೂ ದರ್ಜಿಯಮ್ಮನ ಮನೆಯ ಹಿತ್ತಲಲ್ಲಿ. ಅವನು ಕಾಂಪೌಂಡಿಗೆ ಒರಗಿ, ತುದಿಗಾಲಲ್ಲಿ ನಿಂತು, ಫೋನನ್ನು ಗೋಡೆಯಾಚೆಗೆ ಚಾಚಿದ. ಇನ್ನೂ ಹತ್ತು ಹೆಜ್ಜೆ ದೂರ ಎಂದಿತು ಆಟ.

“ಯಾರದು?” ದರ್ಜಿಯಮ್ಮ ಕೊರಳಿಗೆ ಟೇಪು ಸುತ್ತಿಕೊಂಡೇ ಓಡಿ ಬಂದಳು. ಮೀಟರಣ್ಣನನ್ನು ನೋಡಿದಳು, ಹಿತ್ತಲ ಕಡೆಗೆ ತಿರುಗಿದ್ದ ಫೋನನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. “ಮೀಟರಣ್ಣಾ... ಏನದು ಯಂತ್ರ?”

“ಅಮ್ಮಾ, ಹಿತ್ತಲಿಗೆ ಬಿಡಿ. ಅಲ್ಲೊಂದಿದೆ, ಈಗಲೇ ಹಿಡೀಬೇಕು!”

“ನಿಮಗೆ ಹೆಂಗೆ ಗೊತ್ತಾಯ್ತು?”

“ಇದರಲ್ಲಿ ಎಲ್ಲಾ ಕಾಣ್ಸುತ್ತೆ!”

ದರ್ಜಿಯಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು. “ಅದು ನನ್ನ ಮೈದುನ ಹಾಕಿದ್ದು ಕಣಣ್ಣಾ! ಅರ್ಧ ಇಂಚಿನ ಪೈಪು, ಅಷ್ಟೇ. ಮೀಟರಿನ ಮುಂಚೆ ಯಾಕೆ ಜೋಡಿಸಿದ ಅಂತ ನನಗೇನು ಗೊತ್ತು? ಇವತ್ತೇ ಕಿತ್ತಾಕ್ತೀನಿ, ಬರ್ಕೋಬೇಡಿ!”

ಮೀಟರಣ್ಣನಿಗೆ ಪೈಪು ಬೇಕಾಗಿರಲಿಲ್ಲ. ಆದರೆ ಬಿಡಿಸಿ ಹೇಳಲು ಪುರುಸೊತ್ತೆಲ್ಲಿ? ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು, ಎದುರು ಮನೆಯ ಗಡಿಯಾರ ರಿಪೇರಿಯವನು ಬಂದ. ನೀರಿನವರು ಕಳ್ಳ ಪೈಪು ಹಿಡಿಯುವ ಯಂತ್ರ ತಂದಿದ್ದಾರಂತೆ ಎಂಬ ಸುದ್ದಿ ಎರಡೇ ನಿಮಿಷದಲ್ಲಿ ಬೀದಿಯ ಎರಡೂ ತುದಿ ಮುಟ್ಟಿತು.

“ಮೊದಲು ಇವನ ಮನೆಗೆ ಹಿಡೀರಿ!” ಎಂದರು ಮೇಷ್ಟ್ರು. “ರಾತ್ರಿಯೆಲ್ಲಾ ತೊಟ್ಟಿ ತುಂಬ್ತಾನೆ, ಬಿಲ್ಲು ಮಾತ್ರ ಬೆರಳಷ್ಟು.”

“ನನ್ನ ತೊಟ್ಟಿ ಯಾಕ್ರೀ? ನಿಮ್ಮ ಗುಲಾಬಿ ಗಿಡಕ್ಕೆ ನೀರೇನು ಆಕಾಶದಿಂದ ಇಳಿಯುತ್ತಾ?” ಎಂದ ಗಡಿಯಾರದವನು.

“ಬಿಡ್ರೀ, ಬಿಡ್ರೀ, ಅದು ಹೋಗ್ಬಿಡುತ್ತೆ!” ಎಂದು ಮೀಟರಣ್ಣ ಜನರನ್ನು ಸೀಳಿಕೊಂಡು ಹಿತ್ತಲಿಗೆ ನುಗ್ಗಿದ. ಪರದೆಯ ಮೇಲೆ ಹೊಗೆಬಾಲ ನಿಚ್ಚಳವಾಗಿ ನಿಂತಿತ್ತು, ಒಗೆದ ಬಟ್ಟೆಗಳ ಮಧ್ಯೆ ಬಾಲ ಬೀಸುತ್ತ. ಅವನು ಉಸಿರು ಬಿಗಿಹಿಡಿದು ಗುರಿಯಿಟ್ಟ. ಆಗ ಮೇಷ್ಟ್ರು ಹಿಂದಿನಿಂದ ಮೊಣಕೈ ಹಿಡಿದೆಳೆದರು. “ಇಲ್ಲಲ್ಲಯ್ಯಾ, ಆ ಮನೆ ಕಡೆಗೆ!”

ಫಟ್! ಎರಡನೇ ಗುಂಡು ಆಕಾಶಕ್ಕೆ ಹೋಯಿತು. ಹೊಗೆಬಾಲ ಒಮ್ಮೆ ಗುಟುರು ಹಾಕಿ ಮಾಯವಾಯಿತು.

ಮೀಟರಣ್ಣನಿಗೆ ಅಳು ಬಂತು. ಸುಳ್ಳಲ್ಲ, ನಿಜವಾಗಿ ಕಣ್ಣು ತುಂಬಿತು. ಅವನ ಕಣ್ಣೀರು ಕಂಡ ಮೇಷ್ಟ್ರು ಯಂತ್ರ ಕೆಟ್ಟುಹೋಯಿತೆಂದು ಸಮಾಧಾನಗೊಂಡು, ಗುಲಾಬಿಗಳ ಕಡೆಗೆ ಹಗುರವಾಗಿ ನಡೆದರು.

ಉಳಿದದ್ದು ಒಂದೇ ಗುಂಡು. ಫೋನಿನ ಚಾರ್ಜು ನೂರಕ್ಕೆ ಒಂಬತ್ತು. ಮೂರೂವರೆ, ನಾಲ್ಕು. ಅವನು ಮೀಟರು ಓದುವುದನ್ನು ಪೂರ್ತಿ ಬಿಟ್ಟು, ಗೊತ್ತಿಲ್ಲದ ಬೀದಿಗಳಲ್ಲೂ ಅಲೆದ. ಹಿಮ್ಮಡಿ ಉರಿಯುತ್ತಿತ್ತು. ಬೆವರು ಪರದೆಗೆ ಬಿದ್ದೀತೆಂದು ತೋಳಿನಿಂದ ಹಣೆ ಒರೆಸಿಕೊಳ್ಳುತ್ತ, ಕಂಡ ಕಪ್ಪೆಗಳಿಗೆಲ್ಲ ದಾರಿ ಬಿಟ್ಟುಕೊಟ್ಟು ನಡೆದ. ನಾಲ್ಕೂ ಇಪ್ಪತ್ತಕ್ಕೆ ಫೋನು ಮತ್ತೆ ನಡುಗಿತು.

ಹೊಗೆ ಸುತ್ತುತ್ತಿದ್ದದ್ದು ಕ್ಷೌರದಂಗಡಿಯ ಒಳಗೆ. ಕ್ಷೌರಿಕ ಒಬ್ಬ ದಪ್ಪ ಗಿರಾಕಿಯ ಗಂಟಲ ಮೇಲೆ ಕತ್ತಿ ಆಡಿಸುತ್ತಿದ್ದ.

“ಯಾರೂ ಅಲ್ಲಾಡ್ಬೇಡಿ!” ಎಂದು ಕೂಗುತ್ತ ಮೀಟರಣ್ಣ ಒಳಗೆ ನುಗ್ಗಿದ.

ಕ್ಷೌರಿಕನ ಕೈ ಕಲ್ಲಾಯಿತು. ನೊರೆ ಮೆತ್ತಿದ ಗಿರಾಕಿ ಕನ್ನಡಿಯಲ್ಲೇ ಕಣ್ಣರಳಿಸಿದ; ಮಾತಾಡಿದರೆ ಗಂಟಲು ಕುಯ್ದುಹೋಗುತ್ತದೆ, ಸುಮ್ಮನಿದ್ದರೆ ಈ ಹುಚ್ಚ ಏನು ಮಾಡುತ್ತಾನೋ!

“ಏನಾಯ್ತು ಮೀಟರಣ್ಣಾ?” ಕ್ಷೌರಿಕ ತುಟಿ ಅಲುಗಿಸದೆ ಕೇಳಿದ.

“ಇವರ ತೊಡೆ ಮೇಲೆ ಕೂತಿದೆ. ಕದಲ್ಬೇಡಿ, ನಿಮ್ಮ ದಮ್ಮಯ್ಯ!”

ಗಿರಾಕಿ ತನ್ನ ತೊಡೆ ನೋಡಲು ಹೆದರಿ ಕಣ್ಣು ಮುಚ್ಚಿದ. ಚಾರ್ಜು ನೂರಕ್ಕೆ ಮೂರು. ಮೀಟರಣ್ಣ ಮಂಡಿಯೂರಿದ. ಅವನ ಮುಂದೆ ಒಂಬತ್ತು ವರ್ಷದ ಬಿಸಿಲು ಸುಳಿಯಿತು, ಕಚ್ಚಿದ ನಾಯಿಗಳು ಸುಳಿದವು, ಹೆಂಡತಿ ಇಸ್ತ್ರಿ ಮಾಡಿಟ್ಟ ಅಂಗಿ ಸುಳಿಯಿತು. ಹೊಗೆಬಾಲ ತಿರುಗಿತು. ಫಟ್!

ಪರದೆಯ ತುಂಬ ಕೆಂಪು ಬಣ್ಣ ಚಿಮ್ಮಿತು. ಗುರುತು ಬಿದ್ದಿತ್ತು!

“ಬಿತ್ತು! ಬಿತ್ತು!” ಎಂದು ಅವನು ಕುಣಿದ. ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಬೀದಿಗೆ ಹಾರಿದ. ಕ್ಷೌರಿಕ ಬೈಗುಳ ಶುರುಮಾಡುವ ಮೊದಲೇ ಮೀಟರಣ್ಣ ಕಾಲಿಗೆ ಬುದ್ಧಿ ಹೇಳಿದ.

ಕಚೇರಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ, ಚಾರ್ಜು ಒಂದು. ಮೇಡಂ ತಂತಿ ಸಿಕ್ಕಿಸಿ, ಕನ್ನಡಕ ಏರಿಸಿ, ಹೊಗೆಬಾಲವನ್ನು ಕರೆದರು. ಬಡಿಯಲು ಎಪ್ಪತ್ತೈದು ಸೆಕೆಂಡು ಮಾತ್ರ. ಗುಮಾಸ್ತರೆಲ್ಲ ಅವರ ಕುರ್ಚಿಯ ಹಿಂದೆ ಗುಂಪುಗೂಡಿದರು. ನಿಧಾನಪ್ಪನೂ ಆಗತಾನೇ ಬಂದು ಬಾಗಿಲಿಗೆ ಒರಗಿದ್ದ.

“ಎಡಕ್ಕೆ ಮೇಡಂ! ಬಾಲ, ಬಾಲ!”

“ಬಾಯಿ ಮುಚ್ಚಿ ನಿಂತ್ಕೊಳ್ರೀ, ನಂಗೆ ಗೊತ್ತು!”

ಮೀಟರಣ್ಣ ಉಗುರು ಕಚ್ಚುತ್ತ ಗೋಡೆಗೆ ಅಂಟಿಕೊಂಡಿದ್ದ. ಇವರು ಸೋತರೆ ತಾನೂ ಸೋತಂತೆಯೇ. ಇಪ್ಪತ್ತು ಸೆಕೆಂಡು. ಹತ್ತು. ಮೂರು. ಹೊಗೆಬಾಲ ದೊಪ್ಪೆಂದು ಬಿತ್ತು! ಕಚೇರಿಯೇ ಹೋ ಎಂದಿತು. ಮೇಡಂ ಊರುಗೋಲು ಮರೆತು ಎದ್ದು ನಿಂತು, “ಭೇಷ್ ಕಣೋ! ನಿನ್ನಂಥೋನು ಸಾವಿರಕ್ಕೊಬ್ಬ!” ಎಂದು ಮೀಟರಣ್ಣನ ಬೆನ್ನು ತಟ್ಟಿದರು. ಅವನ ಹಿಮ್ಮಡಿ ನೋವು ಹಾಗೆಯೇ ಇಳಿದುಹೋಯಿತು.

ಗಡಿಯಾರ ಐದು ಹೊಡೆಯಿತು. ಮೇಡಂ ಕಡತ ತೆರೆದು, ಸಂತೋಷದಲ್ಲಿ ಗುನುಗುತ್ತ, ಹೆಸರು ಬರೆದು ಸಹಿ ಹಾಕಿ, ಕಡತವನ್ನು ಗುಮಾಸ್ತನ ಕೈಗಿಟ್ಟರು. ಗುಮಾಸ್ತ ಓದಿದ. ಮೀಟರಣ್ಣನನ್ನು ನೋಡಿದ. ಮತ್ತೆ ಓದಿದ.

“ಮೇಡಂ, ಇದು ನಿಧಾನಪ್ಪಂದು.”

“ಹೌದಲ್ವಾ ಮತ್ತೆ?”

ಮೀಟರಣ್ಣ ಮೇಜಿನ ಮೇಲೆ ಕೈಯೂರಿದ. “ಮೇಡಂ... ಹೊಗೆಬಾಲ ತಂದೋನು ನಾನು!”

“ಅದಕ್ಕೇ ಕಣಪ್ಪಾ!” ಮೇಡಂ ಪ್ರೀತಿಯಿಂದಲೇ ಹೇಳಿದರು. “ನಿನ್ನನ್ನ ತಂದು ಕೌಂಟರಲ್ಲಿ ಕೂರಿಸಿದ್ರೆ ನಾಳೆ ಬೀದೀಲಿ ನನಗೆ ಗುರುತು ಹೊಡೆದು ಕೊಡೋರು ಯಾರು? ಇವನಾ? ಇವನಿಂದ ಒಂದು ನೆಟ್ಟಗಿನ ಹಲ್ಲೀನೂ ಸಿಗಲಿಲ್ಲ ನಂಗೆ. ಕೂರೋನು ಒಳಗೆ ಕೂರ್ಲಿ, ನಡೆಯೋನು ಹೊರಗಿರ್ಲಿ. ನೀನು ಇವತ್ತು ಬರೀ ಕಪ್ಪೆ ತಂದಿದ್ರೆ ನಿನ್ನ ಹೆಸರೇ ಬರೀಬೇಕು ಅಂತಿದ್ದೆ.”

ಮೀಟರಣ್ಣನ ಹಿಮ್ಮಡಿ ನೋವು ಮರಳಿ ಬಂತು. ಮೇಡಂ ಆಗಲೇ ಫೋನಿನಲ್ಲಿ ಮುಳುಗಿದ್ದರು. “ನೋಡಿಲ್ಲಿ, ನಾಳೆಯಿಂದ ಹೊಸದೊಂದು ಬರುತ್ತಂತೆ. ಮೂರು ತಲೆದು. ಗುಡ್ಡದ ಮೇಲೆ ಮಾತ್ರ ಸಿಗುತ್ತಂತೆ. ಬೆಳಗ್ಗೆ ಬೇಗ ಬಾ.”

ಅತ್ತ ಬಿಲ್ ಕೌಂಟರಿನಲ್ಲಿ ನಿಧಾನಪ್ಪ ಹೊಸ ಕುರ್ಚಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ನೋಡಿ, ಅಸಮಾಧಾನದಿಂದ ತಲೆಯಾಡಿಸಿದ.

“ಸ್ವಲ್ಪ ಗಟ್ಟಿ ಕಣೋ ಇದು. ಹೆಂಗೂ ನಾಳೆ ಗುಡ್ಡದ ಕಡೆ ಹೋಗ್ತೀಯಲ್ಲ, ಬರುವಾಗ ನನಗೊಂದು ದಿಂಬು ತಗೊಂಡ್ಬಾ.”