ಬದನೆಕಾಯಿ ಬಣ್ಣದ ಸೀರೆಯ ವಿಳಾಸ

ಯಾರನ್ನೂ ಏನನ್ನೂ ಕೇಳಬಾರದು ಎಂಬುದು ನನ್ನ ಹೊಟ್ಟೆಪಾಡಿನ ಪರಮತತ್ವ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೂತು, ಆನ್‌ಲೈನ್ ಸೀರೆ ಅಂಗಡಿಗೆ ದುಡ್ಡು ಕಟ್ಟುವ ಪುಟ ಕಟ್ಟಿಕೊಡುವ ಮಹಾಶಿಲ್ಪಿ ನಾನು, ಹನುಮೇಶ. ಪ್ರಶ್ನೆ ಜಾಸ್ತಿಯಾದರೆ ಗಿರಾಕಿ ಅರ್ಧಕ್ಕೇ ಬಿಟ್ಟು ಓಡುತ್ತಾನೆ. ಅದಕ್ಕೇ ಒಂದೊಂದಾಗಿ ಕಿತ್ತುಹಾಕಿದೆ. ಸೀರೆ ಯಾರಿಗೆ ಎಂಬ ಖಾನೆ ಹೋಯಿತು. ಎಲ್ಲಿಗೆ ಎಂಬುದನ್ನು ಹಳೆಯ ಆರ್ಡರಿನಿಂದ ಪುಟವೇ ನೆನಪಿಟ್ಟುಕೊಳ್ಳುತ್ತಿತ್ತು. ನಂಬಿಕೆ ಬರಲಿ ಅಂತ ಮೇಲೊಂದು ಹಸಿರು ಬೀಗದ ಚಿತ್ರ, ಕೆಳಗೊಂದು ದೊಡ್ಡ ಗುಂಡಿ. (ನಾನು ಬಿದ್ದದ್ದೂ ಅದೇ ಗುಂಡಿಗೆ.)

ಇಂಥವನ ಹೆಂಡತಿ ಭುವನೇಶ್ವರಿ. ಪಂಚಮಿಗೆಂದು ಕೊಪ್ಪಳದ ತವರಿಗೆ ಹೋದವಳು, ಗೌರಿಹಬ್ಬ ಹತ್ತಿರ ಬಂದರೂ ಬೊಮ್ಮಸಂದ್ರದ ಬಾಡಿಗೆ ಮನೆಗೆ ವಾಪಸಾಗಲಿಲ್ಲ. ಜಗಳವೇನೂ ಆಗಿರಲಿಲ್ಲ.

"ನಿನ್ನ ಮನಿಗೆ ನೀ ಬರಾಕ ಕರಿಯೂದ್ಯಾಕ?" ಅಂದೆ ಫೋನಿನಲ್ಲಿ.

"ಕರೀದ ಬಂದ್ರ ಓಣ್ಯಾಗ ಏನಂತಾರ? ನೀವರ ಬಾಯಿಬಿಟ್ಟು ಬಾ ಅನ್ರಿ, ಇಲ್ಲಾಂದ್ರ ನಿಮ್ಮ ಕಡಿಂದ ಯಾರರ ಹಿರಿ ಹೆಣ್ಮಗಳನ್ನ ಕಳಸ್ರಿ."

ನನಗೆ ಅವ್ವನಿಲ್ಲ, ಅಕ್ಕನಿಲ್ಲ. ಇನ್ನು ನಾನೇ ಬಾ ಅನ್ನಲು ಎಂಥದೋ ನಾಚಿಕೆ. ಆದರೆ ಪಕ್ಕದ ಮನೆಯಲ್ಲಿ ಯಾರಾದರೂ ರೊಟ್ಟಿ ಬಡಿದರೆ ಸಾಕು, ಇವಳೇ ಬಂದಳೇನೋ ಅಂತ ಬಾಗಿಲಿಗೆ ಓಡುತ್ತಿದ್ದೆ. ಸಂಜೆ ಚಪ್ಪಲಿ ಬಿಡುವಾಗ ಅವಳು "ಉಂಡ್ರ್ಯಾ?" ಅನ್ನುತ್ತಿದ್ದಳು. ಆ ಒಂದು ಮಾತಿಲ್ಲದೆ ಗಂಟಲಲ್ಲಿ ಅನ್ನವೇ ಇಳಿಯುತ್ತಿರಲಿಲ್ಲ.

ಕೊನೆಗೆ ಬುದ್ಧಿ ಓಡಿತು. ಅವಳು ಬಹಳ ದಿನದಿಂದ ಆಸೆಪಟ್ಟಿದ್ದ ಬದನೆಕಾಯಿ ಬಣ್ಣದ ರೇಷ್ಮೆ ಸೀರೆಯನ್ನು ನನ್ನದೇ ಪುಟದಲ್ಲಿ ಆರಿಸಿ, 'ಹಬ್ಬಕ್ಕೆ, ಪ್ರೀತಿಯಿಂದ, ಹನುಮೇಶ' ಅಂತ ಚೀಟಿ ಸೇರಿಸಿ, ಗುಂಡಿ ಒತ್ತಿದೆ. ಪುಟ ಏನೂ ಕೇಳಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗೌರಿಹಬ್ಬದ ಸಂಜೆ ಮನೆಗೆ ಬಂದರೆ ಗೇಟಿನಲ್ಲಿ ಬದನೆಕಾಯಿ ಬಣ್ಣ. ಉಟ್ಟು ನಿಂತಿದ್ದವರು ನಮ್ಮ ಮನೆ ಮಾಲೀಕ ಚಿಕ್ಕಮುನಿಯಪ್ಪನವರ ಹೆಂಡತಿ ಸಿದ್ದಕ್ಕ.

"ಬಾಪ್ಪ ತಮ್ಮ. ನಿಮ್ಮನೆ ಬೀಗ ಹಾಕಿತ್ತು ಅಂತ ಪಾರ್ಸಲ್ ನಮ್ಮನೆಗೇ ಕೊಟ್ಟೋದ್ರು, ಚೀಟಿ ಓದಿಸ್ದೆ. ನಂಗೆ ತಾಯಿ ಮನೆ ಕಡೆ ಯಾರೂ ಇಲ್ಲ ಕಣಪ್ಪ. ಎಲ್ಲಾರಿಗೂ ತವರಿಂದ ಬಾಗಿನ ಬರೋವಾಗ ಒಲೆ ಮುಂದೆ ಕುಂತು ಅಳ್ತಿದ್ದೆ. ಈ ಸಲ ನೀನು ತಂದ್ಕೊಟ್ಟೆ."

ಪುಟ ನೆನಪಿಟ್ಟುಕೊಂಡಿದ್ದ ವಿಳಾಸ ನಮ್ಮ ಮನೆಯದೇ ಅಂತ ಆಗ ಹೊಳೆಯಿತು. ವಾಪಸ್ ಕೊಡಿ ಅನ್ನಲು ಬಾಯಿ ತೆರೆದೆ. ಆಯಮ್ಮನ ಕಣ್ಣು ತುಂಬಿತ್ತು. ಬಾಯಿ ಮುಚ್ಚಿಕೊಂಡೆ.

"ಯಾಕೆ ಮೊಕ ಇಂಗಾಕ್ಕೊಂಡಿದ್ದೀಯ? ಎಂಡ್ರು ಇಲ್ಲ ಅಂತಲಾ? ನಡಿ, ನಾಳೆ ಹೆಂಗೂ ಗಣೇಶನ ರಜ. ಅಕ್ಕ ಅಂತ ನಾನಿಲ್ವಾ, ನಾನೇ ಬಂದು ಕರೀತೀನಿ."

ಮರುದಿನ ಕೊಪ್ಪಳದಲ್ಲಿ ಭುವನೇಶ್ವರಿ ಬಾಗಿಲು ತೆರೆದಳು. ಸೀರೆ ಅಂತೂ ಸರಿಯಾದ ವಿಳಾಸ ಮುಟ್ಟಿತ್ತು, ಒಳಗೆ ಸಿದ್ದಕ್ಕ ಇದ್ದರು ಅಷ್ಟೆ. ಅವಳು ಸೆರಗನ್ನು ನೋಡಿದಳು, ಆಮೇಲೆ ನನ್ನನ್ನು. ಹಿತ್ತಲಿಗೆ ಕರೆದೊಯ್ದು ನಡೆದದ್ದೆಲ್ಲ ಒಪ್ಪಿಸಿದೆ.

"ನಿಮ್ಮ ಪುಟಕ್ಕೂ ಕೇಳಾಕ ಬರಂಗಿಲ್ಲ, ನಿಮಗೂ ಬರಂಗಿಲ್ಲ. ಒಂದ ಸಲ ಫೋನಿನ್ಯಾಗ ಬಾ ಅಂದಿದ್ರ ಸೀರಿ ನನಗ ಉಳೀತಿತ್ತು."

"ಬಾ," ಅಂದೆ.

"ಈಗ್ಯಾಕ? ಅಕ್ಕಾರು ಕರದಾರ, ಅವರ ಜೋಡಿ ಬರ್ತೀನಿ. ಆ ಸೀರಿ ಮಾತು ಅವರ ಮುಂದ ಎತ್ತಬ್ಯಾಡ್ರಿ ಮತ್ತ. ಪಾಪ, ಅವರಿಗೂ ಒಂದು ತವರು ಬೇಕಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ನಾನು ಹಿಂದೆ, ತೊಡೆಯ ಮೇಲೆ ಅತ್ತೆ ಕಟ್ಟಿಕೊಟ್ಟ ಕಡುಬಿನ ಡಬ್ಬಿ. ಚಿತ್ರದುರ್ಗ ದಾಟಿರಬೇಕು, ಮುಂದಿನ ಸೀಟಿನಿಂದ ಆ ದನಿ ಕೇಳಿತು.

"ಉಂಡ್ರ್ಯಾ?"

ಇಷ್ಟು ದಿನ ಕಾದ ಮಾತು. ಕಣ್ಣು ಮಂಜಾಯಿತು. ಮುಂದೆ ಬಾಗಿ, "ಇನ್ನೂ ಇಲ್ಲ," ಅಂದೆ.

ಭುವನೇಶ್ವರಿ ತಿರುಗಿ ನೋಡಿದಳು.

"ನಿಮಗಲ್ರಿ. ಅಕ್ಕಾರಿಗೆ ಕೇಳಿದ್ದು. ಆ ಡಬ್ಬಿ ಇತ್ಲಾಗ ಕೊಡ್ರಿ."